ಹಿರಿಯರು ಚಮಚ ಎತ್ತುವ ತನಕ

ಪರದೇಶಕ್ಕೆ ಹೋದವನಿಗೆ ಅಲ್ಲಿಯ ಭಾಷೆ ಬಾರದಿದ್ದರೆ ಜನ ಮರುಗುತ್ತಾರೆ. ಕೈಸನ್ನೆ ಮಾಡಿಯಾದರೂ ದಾರಿ ತೋರಿಸುತ್ತಾರೆ. ಆದರೆ ಊಟದ ರೀತಿ ಬಾರದಿದ್ದರೆ ಮರುಗುವವರು ಕಡಿಮೆ. ಬಾಯಿಬಿಟ್ಟು ಯಾರೂ ಏನನ್ನೂ ಹೇಳುವುದಿಲ್ಲ. ‘ಇವನು ಒರಟ’ ಎಂದು ಮನಸ್ಸಿನಲ್ಲಿಯೇ ತೀರ್ಮಾನಿಸಿ ಸುಮ್ಮನಾಗುತ್ತಾರೆ. ತಪ್ಪು ಮಾಡಿದವನಿಗೆ ತಾನು ತಪ್ಪು ಮಾಡಿದೆನೆಂಬುದೇ ತಿಳಿಯುವುದಿಲ್ಲ. ದಕ್ಷಿಣ ಕೊರಿಯದ ಊಟದ ಮೇಜಿನ ಮುಂದೆ ಮೊದಲ ಬಾರಿಗೆ ಕುಳಿತ ಅನ್ಯದೇಶೀಯನ ಪಾಡು ಬಹುಮಟ್ಟಿಗೆ ಹೀಗೆಯೇ ಇರುತ್ತದೆ.

ಕೊರಿಯ ಎಂಬುದು ಕನ್ನಡಿಗರ ಮನೆಗಳಿಗೆ ಈಗ ಬರಿಯ ಭೂಪಟದ ಹೆಸರಾಗಿ ಉಳಿದಿಲ್ಲ. ಕೊರಿಯದ ದೊಡ್ಡ ಉದ್ಯಮಗಳು ಬೆಂಗಳೂರಿನಲ್ಲಿ ಕಚೇರಿಗಳನ್ನು ತೆರೆದಿವೆ. ಇಲ್ಲಿಯ ಎಂಜಿನಿಯರುಗಳು ಸೋಲ್, ಸುವೊನ್ ನಗರಗಳಿಗೆ ಕೆಲಸದ ಮೇಲೆ ಹೋಗಿಬರುತ್ತಾರೆ. ವಿದ್ಯಾರ್ಥಿಗಳು ಸಂಶೋಧನೆಗೆಂದು ಹೋಗಿ ವರ್ಷಗಟ್ಟಲೆ ನಿಲ್ಲುತ್ತಾರೆ. ಮಗನನ್ನೋ ಮಗಳನ್ನೋ ವಿಮಾನ ಹತ್ತಿಸುವಾಗ ತಾಯಿ ಕೇಳುವ ಮೊದಲ ಪ್ರಶ್ನೆ, “ಅಲ್ಲಿ ಊಟಕ್ಕೆ ಏನು ಮಾಡುತ್ತೀ?” ಎಂಬುದು. ಚಟ್ನಿಪುಡಿ, ಸಾರಿನಪುಡಿಗಳ ಪೊಟ್ಟಣಗಳು ಈ ಪ್ರಶ್ನೆಗೆ ಅರ್ಧ ಉತ್ತರ ಮಾತ್ರ. ಏನನ್ನು ಉಣ್ಣುವುದು ಎಂಬುದರಷ್ಟೇ ದೊಡ್ಡ ಪ್ರಶ್ನೆ, ಯಾರೊಡನೆ ಹೇಗೆ ಕುಳಿತು ಉಣ್ಣುವುದು ಎಂಬುದು.

ಆ ನಾಡಿನಲ್ಲಿ ಪರಿಚಯಸ್ಥರು ಎದುರಾದಾಗ “ಬಾಪ್ ಮೊಗೊಸ್ಸೊಯೊ?” ಎಂದು ಕೇಳುವ ವಾಡಿಕೆಯುಂಟು. ‘ಅನ್ನ ಉಂಡಿರಾ?’ ಎಂದು ಅದರ ಅರ್ಥ. “ಊಟ ಆಯಿತೆ?” ಎಂದು ಬೀದಿಯಲ್ಲಿ ನಿಂತು ಕೇಳುವ ಕನ್ನಡಿಗರಿಗೆ ಇದನ್ನು ವಿವರಿಸಬೇಕಾದ ಅಗತ್ಯವಿಲ್ಲ, ಪಾಶ್ಚಾತ್ಯನಾದರೋ ಇದನ್ನು ಊಟದ ಕರೆಯೆಂದು ತಿಳಿದು ತಬ್ಬಿಬ್ಬಾಗುತ್ತಾನೆ. ಈ ಮಾತಿನ ಹಿಂದೆ ಹಸಿವಿನ ನೆನಪಿದೆ ಎಂದು ಕೊರಿಯದ ಹಿರಿಯರು ಹೇಳುವುದುಂಟು. ಹಿಂದಿನ ವರ್ಷದ ಅಕ್ಕಿ ಮುಗಿದು, ಹೊಸ ಬಾರ್ಲಿ ಇನ್ನೂ ಬಲಿಯದಿದ್ದ ವಸಂತಕಾಲದ ವಾರಗಳನ್ನು ಅಲ್ಲಿಯ ರೈತರು ‘ಬಾರ್ಲಿಯ ಘಾಟಿ’ ಎಂದು ಕರೆಯುತ್ತಿದ್ದರು. ಬೆಟ್ಟದ ಘಾಟಿಯನ್ನು ಏರಿ ದಾಟುವಂತೆ ಆ ದಿನಗಳನ್ನು ಹೇಗೋ ದಾಟಬೇಕಾಗಿತ್ತು. 1950ರಿಂದ 1953ರವರೆಗಿನ ಯುದ್ಧ ನಾಡನ್ನು ಹಾಳುಗೆಡವಿದ ಮೇಲೆ, 1960ರ ದಶಕದಲ್ಲಿಯೂ ಎಷ್ಟೋ ಮನೆಗಳಿಗೆ ಈ ಘಾಟಿ ತಪ್ಪಿರಲಿಲ್ಲ. ಅದನ್ನು ಮಕ್ಕಳಾಗಿದ್ದಾಗ ದಾಟಿದವರು ಇಂದು ಅಜ್ಜ ಅಜ್ಜಿಯರಾಗಿ ಮೇಜಿನ ಮುಖ್ಯಸ್ಥಾನದಲ್ಲಿ ಕುಳಿತಿದ್ದಾರೆ. ಅವರು ಬಡಿಸಿದ್ದನ್ನು ಬೇಡವೆನ್ನುವುದು ಏಕೆ ಅಷ್ಟು ಕಠಿಣವೆಂಬುದು ಇದರಿಂದ ತಿಳಿಯುತ್ತದೆ.

ಊಟಕ್ಕೆ ಮುಂಚೆ ಮಾತಿನ ಪರೀಕ್ಷೆಯಿದೆ. ಪರಿಚಯವಾದ ಕೆಲವೇ ನಿಮಿಷಗಳಲ್ಲಿ ಕೊರಿಯದವರು ವಯಸ್ಸನ್ನು ಕೇಳುತ್ತಾರೆ. ಇದು ಕೆಣಕುವ ಪ್ರಶ್ನೆಯಲ್ಲ. ಎದುರಿನವರು ಹಿರಿಯರೋ ಕಿರಿಯರೋ ತಿಳಿಯದೆ ಅವರ ಭಾಷೆಯಲ್ಲಿ ಒಂದು ವಾಕ್ಯವನ್ನು ಮುಗಿಸುವುದೂ ಕಷ್ಟ. ಕ್ರಿಯಾಪದದ ಕೊನೆ ಅದರ ಮೇಲೆ ನಿಂತಿದೆ. ಕನ್ನಡದಲ್ಲಿ ‘ನೀನು’, ‘ನೀವು’ ಎಂಬ ಭೇದವಿರುವಂತೆ ಅಲ್ಲಿ ಇನ್ನೂ ಸೂಕ್ಷ್ಮವಾದ ಮೆಟ್ಟಿಲುಗಳಿವೆ. ಅನ್ನವೆಂಬ ಪದವೂ ಉಣ್ಣುವವರಿಗೆ ತಕ್ಕಂತೆ ಬದಲಾಗುತ್ತದೆ. ಗೆಳೆಯ ಉಣ್ಣುವುದು ‘ಬಾಪ್’. ಕಚೇರಿಯ ಹಿರಿಯರು ಮಾಡುವುದು ‘ಶಿಕ್‌ಸಾ’. ಅಜ್ಜನ ಮುಂದೆ ಇಡುವ ಅದೇ ಅನ್ನ ‘ಜಿಂಜಿ’. ಕನ್ನಡದಲ್ಲಿ ಅಕ್ಕನನ್ನು ತಮ್ಮನೂ ‘ಅಕ್ಕ’ ಎನ್ನುತ್ತಾನೆ, ತಂಗಿಯೂ ‘ಅಕ್ಕ’ ಎನ್ನುತ್ತಾಳೆ. ಕೊರಿಯದಲ್ಲಿ ತಮ್ಮನಿಗೆ ಅವಳು ‘ನುನಾ’, ತಂಗಿಗೆ ‘ಒನ್ನಿ’. ಈ ಸಂಬಂಧವಾಚಕಗಳು ಒಡಹುಟ್ಟಿದವರಿಗೆ ಮಾತ್ರ ಮೀಸಲಲ್ಲ. ಒಂದು ವರ್ಷ ದೊಡ್ಡವರಾದ ಪರಿಚಿತರಿಗೂ ಸಲ್ಲುತ್ತವೆ.

ವಯಸ್ಸಿನ ಎಣಿಕೆಯೂ ಒಂದು ಕಾಲದಲ್ಲಿ ಬೇರೆಯಾಗಿತ್ತು. ಕೂಸು ಹುಟ್ಟಿದೊಡನೆ ಅದಕ್ಕೆ ಒಂದು ವರ್ಷವೆಂದು ಎಣಿಸಿ, ಜನವರಿ ಒಂದರಂದು ಎಲ್ಲರಿಗೂ ಒಟ್ಟಿಗೆ ಒಂದೊಂದು ವರ್ಷ ಕೂಡಿಸುತ್ತಿದ್ದರು. ಡಿಸೆಂಬರ್ 31ರಂದು ಹುಟ್ಟಿದ ಕೂಸಿಗೆ ಮರುದಿನವೇ ಎರಡು ವರ್ಷ! 2023ರ ಜೂನ್ 28ರಂದು ಜಾರಿಗೆ ಬಂದ ಕಾನೂನು, ಸರ್ಕಾರದ ವ್ಯವಹಾರಗಳಲ್ಲಿ ಲೋಕಕ್ಕೆಲ್ಲ ಸಾಮಾನ್ಯವಾದ ಎಣಿಕೆಯನ್ನೇ ಗೊತ್ತುಮಾಡಿತು. ಎಣಿಕೆ ಬದಲಾದರೂ ಹಿರಿತನದ ಲೆಕ್ಕ ಬದಲಾಗಲಿಲ್ಲ. 1392ರಿಂದ 1910ರವರೆಗೆ ಆಳಿದ ಜೊಸನ್ ರಾಜವಂಶದವರು ಕನ್ಫ್ಯೂಷಿಯಸ್ ಮತವನ್ನು ರಾಜನೀತಿಗೂ ಮನೆಯ ನೀತಿಗೂ ಆಧಾರವಾಗಿರಿಸಿಕೊಂಡಿದ್ದರು. ಹಿರಿಯರಿಗೂ ಕಿರಿಯರಿಗೂ ಒಂದು ಕ್ರಮವುಂಟೆಂಬುದು ಆ ಮತದ ಐದು ಮುಖ್ಯ ಸಂಬಂಧಗಳಲ್ಲಿ ಒಂದು. ಐನೂರಕ್ಕೂ ಹೆಚ್ಚು ವರ್ಷಗಳ ಪಾಠ ಸುಲಭವಾಗಿ ಮರೆಯತಕ್ಕದ್ದಲ್ಲ.

ಆ ಕ್ರಮ ಕಣ್ಣಿಗೆ ಕಾಣುವುದು ಊಟದ ಮೇಜಿನಲ್ಲಿ. ಮೇಜಿನ ತುಂಬ ಪುಟ್ಟ ಪುಟ್ಟ ಬಟ್ಟಲುಗಳಲ್ಲಿ ‘ಬಂಚನ್’ ಎಂಬ ವ್ಯಂಜನಗಳು ಬಂದು ಕೂರುತ್ತವೆ. ಹೋಟೆಲಿನಲ್ಲಿ ಅವನ್ನು ಮತ್ತೆ ಕೇಳಿದರೆ ಸಾಮಾನ್ಯವಾಗಿ ಬೇರೆ ಹಣ ಕೊಡಬೇಕಾಗಿಲ್ಲ. ಆದರೆ ಎಷ್ಟೇ ಹಸಿವಾಗಿರಲಿ, ಎಲ್ಲರಿಗಿಂತ ಹಿರಿಯರು ಚಮಚವನ್ನು ಕೈಗೆತ್ತಿಕೊಳ್ಳುವ ತನಕ ಉಳಿದವರು ಕಾಯಬೇಕು. ‘ಚೆನ್ನಾಗಿ ಉಣ್ಣುತ್ತೇನೆ’ ಎಂಬರ್ಥದ “ಜಲ್ ಮೊಕ್ಕೆಸ್ಸುಮ್ನಿದಾ” ಎಂಬ ಮಾತನ್ನು ಮೊದಲು ಹೇಳಬೇಕು. ಮುಗಿದ ಮೇಲೆ ‘ಚೆನ್ನಾಗಿ ಉಂಡೆ’ ಎನ್ನಬೇಕು. ಹಿರಿಯರು ಇನ್ನೂ ಉಣ್ಣುತ್ತಿರುವಾಗ ಗಬಗಬನೆ ಮುಗಿಸಿ ಎದ್ದುಹೋಗುವುದು ಸಲ್ಲದು.

ಅನ್ನಕ್ಕೂ ಸಾರಿಗೂ ಚಮಚ, ವ್ಯಂಜನಗಳಿಗೆ ಲೋಹದ ಎರಡು ಕಡ್ಡಿಗಳು. ಜಪಾನಿನಲ್ಲಿ ಅನ್ನದ ಬಟ್ಟಲನ್ನು ಕೈಯಲ್ಲಿ ಎತ್ತಿ ಹಿಡಿದು ಉಣ್ಣುವುದು ಸಭ್ಯತೆ. ಕೊರಿಯದಲ್ಲಿ ಬಟ್ಟಲು ಮೇಜನ್ನು ಬಿಟ್ಟು ಏಳಬಾರದು. ಜಪಾನಿನ ಪಾಠವನ್ನು ಕೊರಿಯದಲ್ಲಿ ಒಪ್ಪಿಸುವ ಪ್ರವಾಸಿ ಇಲ್ಲಿಯೇ ಎಡವುತ್ತಾನೆ. ಬಟ್ಟಲು ಹೆಚ್ಚಾಗಿ ಉಕ್ಕಿನದು. ಬಿಸಿ ಅನ್ನ ತುಂಬಿದಾಗ ಅದನ್ನು ಎತ್ತಿ ಹಿಡಿಯುವುದು ಸುಲಭವೂ ಅಲ್ಲ. ಅಕ್ಕಿಯ ಉಳಿತಾಯಕ್ಕಾಗಿ ಸೋಲ್ ನಗರಾಡಳಿತವು 1976ರಲ್ಲಿ ಹೋಟೆಲುಗಳ ಅನ್ನದ ಬಟ್ಟಲು 10.5 ಸೆಂಟಿಮೀಟರ್ ಅಗಲ, 6 ಸೆಂಟಿಮೀಟರ್ ಎತ್ತರ ಇರಬೇಕೆಂದು ವಿಧಿಸಿತ್ತು. ಮುಚ್ಚಳವಿರುವ ಆ ಪುಟ್ಟ ಉಕ್ಕಿನ ಬಟ್ಟಲು ಅಂದಿನಿಂದ ಅಲ್ಲಿಯ ಹೋಟೆಲುಗಳ ಗುರುತಾಗಿಬಿಟ್ಟಿತು.

ಅನ್ನದಲ್ಲಿ ಚಮಚವನ್ನಾಗಲಿ ಕಡ್ಡಿಗಳನ್ನಾಗಲಿ ನೆಟ್ಟಗೆ ಚುಚ್ಚಿ ನಿಲ್ಲಿಸುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ‘ಜೇಸಾ’ ಎಂಬ ಪಿತೃಪೂಜೆಯಲ್ಲಿ, ಅಗಲಿದ ಹಿರಿಯರು ಬಂದು ಉಣ್ಣಲಿ ಎಂದು ಅನ್ನದಲ್ಲಿ ಚಮಚವನ್ನು ನೆಟ್ಟು ಇಡುತ್ತಾರೆ. ಬದುಕಿರುವವರ ಊಟದಲ್ಲಿ ಅದನ್ನು ಕಂಡರೆ ಮನಸ್ಸು ಅಳುಕುತ್ತದೆ. ಶ್ರಾದ್ಧದ ಕ್ರಮಗಳನ್ನು ಮದುವೆಯ ಊಟದಲ್ಲಿ ಬೆರೆಸದ ಕನ್ನಡನಾಡಿನ ಮನೆಗಳಿಗೆ ಈ ಅಳುಕು ಹೊಸದಲ್ಲ.

ಪಾನೀಯಕ್ಕೂ ಕೈಗಳ ಲೆಕ್ಕವಿದೆ. ಕೊಡುವಾಗಲೂ ಕೊಳ್ಳುವಾಗಲೂ ಎರಡು ಕೈಗಳನ್ನು ಬಳಸಬೇಕು, ಇಲ್ಲವೆ ಬಲಗೈಯ ಮಣಿಕಟ್ಟಿಗೋ ಮೊಳಕೈಗೋ ಎಡಗೈಯನ್ನು ಆನಿಸಬೇಕು. ತನ್ನ ಲೋಟಕ್ಕೆ ತಾನೇ ಸುರಿದುಕೊಳ್ಳುವಂತಿಲ್ಲ. ಪಕ್ಕದವರ ಲೋಟ ಬರಿದಾದುದನ್ನು ನೋಡಿ ತಾನು ಸುರಿಯಬೇಕು, ತನ್ನದನ್ನು ಅವರು ನೋಡಿಕೊಳ್ಳುತ್ತಾರೆ. ಹಿರಿಯರ ಎದುರಿನಲ್ಲಿ ಮದ್ಯ ಕುಡಿಯುವಾಗ ಮುಖವನ್ನು ಪಕ್ಕಕ್ಕೆ ತಿರುಗಿಸಬೇಕು. ಕೊನೆಗೆ ಹಣ ತೆರುವವರು ಕರೆದವರು ಅಥವಾ ಹಿರಿಯರು. ಬಡಿಸಿದವರಿಗೆ ಭಕ್ಷೀಸು ಕೊಡುವ ಪದ್ಧತಿ ಅಲ್ಲಿಲ್ಲ.

ಇಷ್ಟನ್ನು ಓದಿದ ಕನ್ನಡಿಗನಿಗೆ ಧೈರ್ಯ ಬಂದೀತು. ಹೊಸ್ತಿಲಲ್ಲಿ ಪಾದರಕ್ಷೆ ಬಿಡುವುದು, ನೆಲದ ಮೇಲೆ ಕೂರುವುದು, ಹಿರಿಯರಿಗೆ ಮೊದಲು ಬಡಿಸುವುದು, ಎರಡು ಕೈಗಳಿಂದ ಕೊಡುವುದು—ಇವೆಲ್ಲ ಮನೆಯಲ್ಲಿಯೇ ಕಲಿತ ಪಾಠಗಳಲ್ಲವೆ? ಹೌದು. ಅಮೆರಿಕದವನು ಒಂದು ತಿಂಗಳಲ್ಲಿ ಕಲಿಯುವುದನ್ನು ಕನ್ನಡಿಗನು ಒಂದು ಸಂಜೆಯಲ್ಲಿ ಕಲಿತಾನು. ಆದರೆ ತೊಡಕಿರುವುದೂ ಈ ಸಾಮ್ಯದಲ್ಲಿಯೇ. ಎಲ್ಲವೂ ತನ್ನ ಮನೆಯಂತೆಯೇ ಇದೆಯೆಂದು ಮೈಮರೆತಾಗ, ಹೋಲದಿರುವ ಒಂದೆರಡು ಸಂಗತಿಗಳು ಎದುರಾಗಿ ಎದೆ ಧಸಕ್ಕೆನ್ನುತ್ತದೆ. ಕೈಯಿಂದ ಅನ್ನ ಕಲಸುವುದು ಅಲ್ಲಿಲ್ಲ. ತೃಪ್ತಿಯ ತೇಗಿಗೆ ಮೆಚ್ಚುಗೆಯಿಲ್ಲ. ಖಾರಕ್ಕೆ ಮೂಗು ಸೋರಿದರೆ ಮೇಜಿನಲ್ಲಿಯೇ ಸೀನಿಕೊಳ್ಳುವಂತಿಲ್ಲ. ಎದ್ದು ಹೊರಗೆ ಹೋಗಬೇಕು. ಇವು ಸಣ್ಣ ಮಾತುಗಳು. ದೊಡ್ಡದು ಎಂಜಲಿನ ಮಾತು.

ಕುದಿಯುತ್ತಿರುವ ಸಾರಿನ ಮಣ್ಣಿನ ಪಾತ್ರೆಯೊಂದು ಮೇಜಿನ ನಡುವೆ ಬರುತ್ತದೆ. ನಾಲ್ವರು ನಾಲ್ಕು ಚಮಚಗಳನ್ನು ಅದರಲ್ಲಿ ಅದ್ದಿ, ಬಾಯಿಗಿಟ್ಟು, ಮತ್ತೆ ಅದ್ದುತ್ತಾರೆ. ಅವರಿಗೆ ಇದು ಒಂದೇ ಮನೆಯವರೆಂಬ ಭಾವದ ಗುರುತು. ‘ಎಂಜಲು’ ಎಂಬ ಮಾತು ಕೇಳಿ ಬೆಳೆದ ಕನ್ನಡಿಗನ ಕೈ ಮಾತ್ರ ಅಲ್ಲಿಯೇ ನಿಂತುಬಿಡುತ್ತದೆ. ಕುತೂಹಲದ ಸಂಗತಿಯೆಂದರೆ, ಕೊರಿಯದಲ್ಲಿಯೂ ಇದೊಂದೇ ಪದ್ಧತಿಯಾಗಿರಲಿಲ್ಲ. ಜೊಸನ್ ಕಾಲದ ಕುಲೀನರ ಮನೆಗಳಲ್ಲಿ ಹಿರಿಯ ಗಂಡಸರಿಗೆ ಒಬ್ಬೊಬ್ಬರಿಗೆ ಒಂದೊಂದು ‘ಸೊಬಾನ್’ ಎಂಬ ಪುಟ್ಟ ಕಾಲುಮಣೆಯ ಮೇಲೆ ಬೇರೆ ಬೇರೆಯಾಗಿ ಬಡಿಸುತ್ತಿದ್ದರು. ದೊಡ್ಡ ಮೇಜಿನ ಸುತ್ತ ಎಲ್ಲರೂ ಕೂಡಿ ಉಣ್ಣುವುದು ವ್ಯಾಪಕವಾದುದು ಇಪ್ಪತ್ತನೆಯ ಶತಮಾನದಲ್ಲಿ. 2020ರಲ್ಲಿ ಕೋವಿಡ್ ಹಬ್ಬಿದ ಮೇಲೆ, ಬೇರೆ ಬಟ್ಟಲಿಗೆ ಹಾಕಿಕೊಂಡು ಉಣ್ಣಿರೆಂದು ಅಲ್ಲಿಯ ಸರ್ಕಾರವೇ ಪ್ರೋತ್ಸಾಹಿಸಿತು. ‘ಆಪ್‌ಜೊಪ್ಸಿ’ ಎಂದರೆ ಮುಂದಿಟ್ಟುಕೊಳ್ಳುವ ಸಣ್ಣ ತಟ್ಟೆ. ಅದನ್ನೊಂದು ಕೇಳಿ ಪಡೆದು, ಮೊದಲೇ ಸಾರನ್ನು ಹಾಕಿಕೊಂಡರೆ ಯಾರಿಗೂ ನೋವಿಲ್ಲ. ಒಂದು ಪದ ಕಲಿತುದರಿಂದ ಒಂದು ಸಂಕಟ ನೀಗುತ್ತದೆ.

ಸಸ್ಯಾಹಾರಿಯ ಸಂಕಟ ಅಷ್ಟು ಸುಲಭವಾಗಿ ನೀಗುವುದಿಲ್ಲ. “ಮಾಂಸ ಬೇಡ” ಎಂದರೆ ‘ಗೊಗಿ’ಯನ್ನು ತೆಗೆದು ಮೀನನ್ನು ಪ್ರೀತಿಯಿಂದ ತಂದಿಡುತ್ತಾರೆ, ಆ ಮಾತಿಗೆ ಅವರು ಸಾಮಾನ್ಯವಾಗಿ ಮಾಡಿಕೊಳ್ಳುವ ಅರ್ಥ ಅಷ್ಟೇ. ಎಲೆಕೋಸಿನ ಕಿಮ್ಚಿ ನೋಡುವುದಕ್ಕೆ ಉಪ್ಪಿನಕಾಯಿಯ ನೆಂಟನಂತೆ ಕಾಣುತ್ತದೆ. ಆದರೆ ಹೆಚ್ಚಿನ ಮನೆಗಳಲ್ಲಿ ಅದಕ್ಕೆ ಉಪ್ಪುಹಾಕಿ ಹುದುಗಿಸಿದ ಸಿಗಡಿಯನ್ನೋ ಸಣ್ಣ ಮೀನಿನ ರಸವನ್ನೋ ಬೆರೆಸಿರುತ್ತಾರೆ. ಬರಿಯ ತರಕಾರಿಯ ಸಾರಿಗೂ ಒಣಮೀನು ಕುದಿಸಿದ ನೀರು ಆಧಾರ. ಹಾಗೆಂದು ಆ ನಾಡಿಗೆ ಸಸ್ಯಾಹಾರ ತಿಳಿಯದೆಂದು ಭಾವಿಸಬಾರದು. ಬೌದ್ಧ ವಿಹಾರಗಳ ಅಡುಗೆಯಲ್ಲಿ ಮಾಂಸವಿಲ್ಲ, ಮೀನಿಲ್ಲ. ಬೆಳ್ಳುಳ್ಳಿ, ಈರುಳ್ಳಿಗಳ ಜಾತಿಗೆ ಸೇರಿದ ಘಾಟಿನ ಗಿಡಗಳೂ ವರ್ಜ್ಯ. ಬೆಗ್ಯಾಂಗ್‌ಸಾ ವಿಹಾರದ ಭಿಕ್ಷುಣಿ ಜೊಂಗ್ ಕ್ವಾನ್ ಅವರ ಅಡುಗೆಯನ್ನು ತೋರಿಸಿದ 2017ರ ಚಿತ್ರವೊಂದರಿಂದ ಈ ಪರಂಪರೆ ಲೋಕಪ್ರಸಿದ್ಧವಾಯಿತು. ಈರುಳ್ಳಿ ಬೆಳ್ಳುಳ್ಳಿಗಳನ್ನು ಬಿಟ್ಟ ಮನೆಯ ಕನ್ನಡಿಗನಿಗೆ ಅಷ್ಟು ದೂರದಲ್ಲಿ ಇಂತಹ ಪಂಕ್ತಿಯೊಂದು ಸಿಕ್ಕುವುದು ಸೋಜಿಗವೇ ಸರಿ. “ವಿಹಾರದ ಊಟದಂತೆ” ಎಂದು ಹೇಳಿದರೆ, ‘ಸಸ್ಯಾಹಾರಿ’ ಎಂಬ ಹೊಸ ಪದಕ್ಕಿಂತ ಹಿರಿಯರಿಗೆ ಅದು ಬೇಗ ಅರ್ಥವಾಗುತ್ತದೆ.

ಇನ್ನು ಒಂದು ಸಂದರ್ಭವನ್ನು ಊಹಿಸಿಕೊಳ್ಳಬಹುದು. ಧಾರವಾಡದ ಕಡೆಯ ಸಸ್ಯಾಹಾರಿ ಮನೆತನದ ಹುಡುಗಿಯೊಬ್ಬಳು ಸೋಲ್ ನಗರದಲ್ಲಿ ಓದುತ್ತಿದ್ದಾಳೆ. ಗೆಳತಿಯ ಮನೆಗೆ ಊಟಕ್ಕೆ ಹೋಗಿದ್ದಾಳೆ. ಗೆಳತಿಯ ಅಜ್ಜಿ, ಅವರ ಮಾತಿನಲ್ಲಿ ‘ಹಲ್ಮೊನಿ’, ಈ ದೂರದ ಹುಡುಗಿ ಬಡವಾಗಿರುವುದನ್ನು ಕಂಡು ಮರುಗುತ್ತಾಳೆ. ತಾನು ಉಣ್ಣುತ್ತಿದ್ದ ಕಡ್ಡಿಗಳಿಂದಲೇ ಕಿಮ್ಚಿಯ ಒಳ್ಳೆಯ ತುಂಡೊಂದನ್ನು ಆರಿಸಿ ಹುಡುಗಿಯ ಅನ್ನದ ಮೇಲೆ ಇಡುತ್ತಾಳೆ. ಕೊರಿಯದವರು ‘ಜೊಂಗ್’ ಎಂದು ಕರೆಯುವ ಮಮತೆಯ ಗುರುತು ಇದು. ಮೊಮ್ಮಗಳಿಗೆ ಮಾಡುವುದನ್ನೇ ಅಜ್ಜಿ ಅತಿಥಿಗೂ ಮಾಡಿದ್ದಾಳೆ. ಹುಡುಗಿಯ ಕಣ್ಣಿಗೆ ಅದರಲ್ಲಿ ಎಂಜಲೂ ಇದೆ, ಮೀನೂ ಇದೆ. ಉಂಡರೆ ತನ್ನ ಮನೆಯ ನೇಮ ಮುರಿಯುತ್ತದೆ; ಬಿಟ್ಟರೆ ಮುದುಕಿಯ ಮನಸ್ಸು ಮುರಿಯುತ್ತದೆ. ಮೇಜಿನ ಸುತ್ತ ಕುಳಿತವರೆಲ್ಲ ಅವಳ ಕೈಯನ್ನೇ ನೋಡುತ್ತಿದ್ದಾರೆ.

ಈ ಕ್ಷಣಕ್ಕೆ ಯಾವ ಶಿಷ್ಟಾಚಾರದ ಪುಸ್ತಕವೂ ಉತ್ತರ ಕೊಡಲಾರದು. ಏಕೆಂದರೆ ಉತ್ತರ ಕೊಡಬೇಕಾದ ಕಾಲ ಆಗಲೇ ಕಳೆದುಹೋಗಿದೆ. ಹೇಳಬೇಕಾದುದನ್ನು ಮೇಜಿಗೆ ಬರುವ ಮುಂಚೆ ಹೇಳಬೇಕಾಗಿತ್ತು; ಕರೆ ಬಂದ ದಿನವೇ ಗೆಳತಿಯ ಮೂಲಕ ಅಜ್ಜಿಗೆ ತಿಳಿಸಬೇಕಾಗಿತ್ತು. ‘ನನಗೆ ಹಿಡಿಸುವುದಿಲ್ಲ’ ಎಂದಲ್ಲ, ‘ನಮ್ಮ ಮನೆಯ ಹಿರಿಯರು ನಡೆಸಿಕೊಂಡು ಬಂದ ನೇಮ’ ಎಂದು. ಹಿಡಿಸುವುದಿಲ್ಲವೆಂದರೆ ಅಡುಗೆಯನ್ನು ಹಳಿದಂತೆ. ಹಿರಿಯರ ನೇಮವೆಂದರೆ, ಹಿರಿಯರ ಮಾತಿಗೆ ಬೆಲೆ ಕೊಡುವ ಆ ಮನೆಯಲ್ಲಿ ಅದಕ್ಕೆ ಗೌರವವುಂಟು. ಮೊದಲೇ ತಿಳಿದ ಅಜ್ಜಿ ಸೊಪ್ಪನ್ನೋ ಹುರುಳಿಮೊಳಕೆಯನ್ನೋ ತೋಫುವನ್ನೋ ಬೇರೆಯಾಗಿ ಮಾಡಿ, ತಾನೇ ಬಡಿಸಿ ಸಂತೋಷಪಡುತ್ತಾಳೆ. ಅದನ್ನು ಹುಡುಗಿ ಎರಡನೆಯ ಸಲ ಕೇಳಿ ಉಂಡರೆ ಕಿಮ್ಚಿಯ ಕೊರತೆ ಅಲ್ಲಿಗೆ ತೀರಿತು.

ಇದನ್ನೇ ಕೊರಿಯದವರು ‘ನುನ್‌ಚಿ’ ಎನ್ನುತ್ತಾರೆ. ಎದುರಿನವರು ಬಾಯಿಬಿಟ್ಟು ಹೇಳುವ ಮುಂಚೆಯೇ ಅವರ ಮನಸ್ಸನ್ನು ಕಣ್ಣಿನಿಂದ ಅಳೆಯುವ ಶಕ್ತಿ ಎಂದು ಸ್ಥೂಲವಾಗಿ ಅದರ ಅರ್ಥ. ಪರದೇಶದವನು ಕಡ್ಡಿಗಳನ್ನು ಸರಿಯಾಗಿ ಹಿಡಿಯದಿದ್ದರೆ ಅಲ್ಲಿ ನಕ್ಕು ಕ್ಷಮಿಸುವರು. ತಲೆ ಎಷ್ಟು ಬಾಗಿತೆಂದು ಅಳೆಯುವವರು ಯಾರೂ ಇಲ್ಲ. ಸುತ್ತಲಿನವರನ್ನು ನೋಡದೆ, ಕಾಯದೆ, ತನ್ನಷ್ಟಕ್ಕೆ ತಾನು ಉಣ್ಣಲು ತೊಡಗುವವನನ್ನು ಮಾತ್ರ ಅವರು ಸುಲಭವಾಗಿ ಒಪ್ಪರು. “ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ” ಎಂಬ ಗಾದೆ ಕನ್ನಡದಲ್ಲಿ ಊಟವನ್ನೂ ಮಾತನ್ನೂ ಎರಡು ವಿದ್ಯೆಗಳಾಗಿ ಎಣಿಸುತ್ತದೆ. ಕೊರಿಯದ ಮೇಜಿನಲ್ಲಿ ಅವೆರಡೂ ಒಂದೇ ವಿದ್ಯೆ.

ಆ ನಾಡೂ ಬದಲಾಗುತ್ತಿದೆಯೆಂಬುದನ್ನು ಮರೆಯಬಾರದು. ಕಚೇರಿಯವರೆಲ್ಲ ಸಂಜೆ ಕೂಡಿ ಉಂಡು ಕುಡಿಯುವ ‘ಹ್ವೇಶಿಕ್’ ಒಂದು ಕಾಲದಲ್ಲಿ ತಪ್ಪಿಸಿಕೊಳ್ಳಲಾಗದ ಕರ್ತವ್ಯವಾಗಿತ್ತು. ಮೇಲಧಿಕಾರಿ ಸುರಿದುದನ್ನು ಕಿರಿಯರು ಕುಡಿಯಲೇಬೇಕಾಗಿತ್ತು. ಕೆಲಸದ ಸ್ಥಳದಲ್ಲಿ ಕಿರುಕುಳವನ್ನು ನಿಷೇಧಿಸುವ ಕಾನೂನು 2019ರ ಜುಲೈಯಲ್ಲಿ ಜಾರಿಗೆ ಬಂದ ಮೇಲೆ ಇಂತಹ ಬಲಾತ್ಕಾರಕ್ಕೆ ಮೊದಲಿನ ಧೈರ್ಯ ಉಳಿದಿಲ್ಲ. ಒಂಟಿಯಾಗಿ ಉಣ್ಣುವುದಕ್ಕೆ ‘ಹೊನ್‌ಬಾಪ್’ ಎಂಬ ಹೊಸ ಪದವೇ ಹುಟ್ಟಿದೆ; ಒಬ್ಬೊಬ್ಬರೇ ಕೂರುವ ಊಟದ ಅಂಗಡಿಗಳೂ ಇವೆ. ಹಿರಿಯರ ಕಣ್ಣಿನ ಭಾರವಿಲ್ಲದೆ ಉಣ್ಣುವ ಸುಖವನ್ನು ತರುಣರು ಕಂಡುಕೊಂಡಿದ್ದಾರೆ. ಹಳೆಯ ಕ್ರಮದಲ್ಲಿ ಮಮತೆಯಿದ್ದಂತೆ ದಬ್ಬಾಳಿಕೆಯೂ ಇತ್ತೆಂಬುದನ್ನು ಅವರೇ ಬಲ್ಲರು. ಆದುದರಿಂದ ಮದ್ಯ ಬೇಡವಾದ ಕನ್ನಡಿಗನು ಮೊದಲೇ ವಿನಯದಿಂದ ಹೇಳಿ, ಲೋಟದಲ್ಲಿ ನೀರನ್ನೋ ಷರಬತ್ತನ್ನೋ ಹಾಕಿಸಿಕೊಂಡು, ಎರಡು ಕೈಗಳಿಂದ ಎತ್ತಿ ಎಲ್ಲರೊಡನೆ ಕೂಡಿಕೊಂಡರೆ ಸಾಕು. ಲೋಟದಲ್ಲಿರುವುದೇನೆಂದು ವಿಚಾರಿಸುವವರು ಈಗ ಕಡಿಮೆ.

ಈ ಮಾತು ಒಂದೇ ದಿಕ್ಕಿಗೆ ಸಲ್ಲುವಂಥದಲ್ಲ. ಬೆಂಗಳೂರಿನಲ್ಲಿಯೂ ಕೊರಿಯದ ಸಂಸಾರಗಳು ನೆಲೆಸಿವೆ. ಒಂದಲ್ಲ ಒಂದು ದಿನ ಅವರಲ್ಲೊಬ್ಬರು ಯಾರದೋ ಮನೆಯ ಗೃಹಪ್ರವೇಶದ ಪಂಕ್ತಿಯಲ್ಲಿ ಕೂರುತ್ತಾರೆ. ಅನ್ನ ಕಲಸಲು ಅವರಿಗೆ ಬಾರದು. ಉಪ್ಪಿನಿಂದ ಮೊದಲುಗೊಂಡು ಬಡಿಸುವ ಕ್ರಮ ತಿಳಿಯದು. ಎಡಗೈಯಿಂದ ಹಪ್ಪಳ ಎತ್ತಿಕೊಂಡಾರು; ಪ್ರೀತಿ ಉಕ್ಕಿ ತಮ್ಮ ಎಲೆಯ ಹೋಳಿಗೆಯನ್ನು ಮುರಿದು ಪಕ್ಕದ ಮಗುವಿನ ಎಲೆಗೆ ಹಾಕಿಯೂ ಹಾಕಿಯಾರು. ಆಗ ಪಂಕ್ತಿಯಲ್ಲಿ ಒಂದು ಗಳಿಗೆ ಮೌನ ಕವಿಯುತ್ತದೆ. ಸೋಲ್ ನಗರದಲ್ಲಿ ಮಗಳ ಅನ್ನದ ಮೇಲೆ ಕಿಮ್ಚಿ ಇಟ್ಟ ಮುದುಕಿಯನ್ನು ನೆನೆದ ತಾಯಿಯೊಬ್ಬಳು ಅಲ್ಲಿದ್ದರೆ, ಆ ಮೌನವನ್ನು ಬೆಳೆಯಗೊಡದೆ ಅತಿಥಿಯ ಎಲೆಗೆ ಇನ್ನೊಂದು ಹೋಳಿಗೆ ಬಡಿಸಿ ಮುಂದೆ ನಡೆಯುವಳು.